ಗಂಡು ಬೆಕ್ಕು ಪದೇ ಪದೇ ಟ್ರೇಗೆ ಹೋಗುತ್ತಿದೆಯಾ?

ಗಂಡು ಬೆಕ್ಕು ಲಿಟರ್ ಟ್ರೇಯಲ್ಲಿ (ಮಲಮೂತ್ರಕ್ಕೆಂದು ಮರಳಿನಂಥ ಲಿಟರ್ ತುಂಬಿಟ್ಟ ತಟ್ಟೆಯಲ್ಲಿ) ಕೂತು ತಿಣುಕುತ್ತಿದ್ದರೆ ಮಲಬದ್ಧತೆ ಅಂದುಕೊಂಡು ಸುಮ್ಮನಾಗಬೇಡಿ, ಮೂತ್ರ ಕಟ್ಟಿರಬಹುದು. ಮೊದಲು ಲಿಟರ್ ಕೆದಕಿ ಮೂತ್ರದ ಒದ್ದೆ ಉಂಡೆ ಇದೆಯಾ ನೋಡಿ. ಉಂಡೆ ಕಟ್ಟುವ ಲಿಟರ್ ಆದರೆ ದಿನಕ್ಕೆ ಸಾಮಾನ್ಯವಾಗಿ 2ರಿಂದ 4 ಸಿಗುತ್ತವೆ. ಹತ್ತು ಸಲ ಹೋಗಿ ಬಂದರೂ ಒಂದೆರಡು ಹನಿ ಮಾತ್ರ, ಅಥವಾ ಏನೂ ಇಲ್ಲ ಅಂದರೆ ತಕ್ಷಣ ಪಶುವೈದ್ಯರ ಹತ್ತಿರ ಹೊರಡಿ. ನಡುರಾತ್ರಿಯಾದರೂ ಸರಿ.

ಗಂಡಿನ ಮೂತ್ರನಾಳ ತುದಿಯಲ್ಲಿ ತೀರಾ ಸಪೂರ. ಲೋಳೆ ಮತ್ತು ಹರಳು ಸೇರಿದ ಬಿರಡೆಯೋ, ಸಣ್ಣ ಕಲ್ಲೋ, ಬರೀ ಸೆಳೆತವೋ ಸಾಕು, ದಾರಿ ಮುಚ್ಚಿಹೋಗುತ್ತದೆ. ಆಮೇಲೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪುತ್ತದೆ. ಪೂರ್ತಿ ಕಟ್ಟಿಕೊಂಡರೆ 24ರಿಂದ 48 ಗಂಟೆಯಲ್ಲಿ ಜೀವಕ್ಕೇ ಕುತ್ತು. ವಾಂತಿ, ಮಂಕು, ಬಿಗಿದ ಹೊಟ್ಟೆ ಕಂಡರಂತೂ ಆಗಲೇ ತಡವಾಗಿದೆ ಅಂತಲೇ ತಿಳಿಯಿರಿ.

ಹೊಟ್ಟೆ ಒತ್ತಬೇಡಿ, ಮೂತ್ರಕೋಶ ಒಡೆಯಬಹುದು. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಒತ್ತಾಯದಿಂದ ನೀರು ಕುಡಿಸಿದರೂ ಪ್ರಯೋಜನವಿಲ್ಲ.

ಮಾತು ಬಾರದ ಜೀವ ನೋವನ್ನು ಎಷ್ಟು ಚೆನ್ನಾಗಿ ಮುಚ್ಚಿಡುತ್ತದೆ ಅಂದರೆ, ಸಂಕಟವಾಗುತ್ತದೆ. ಅದು ಹೇಳುವುದೆಲ್ಲ ಟ್ರೇಯಲ್ಲೇ ಇರುತ್ತದೆ.

ವೈದ್ಯರು ಕ್ಯಾಥೆಟರ್ (ಮೂತ್ರನಾಳಕ್ಕೆ ತೂರಿಸುವ ಸಪೂರ ಕೊಳವೆ) ಹಾಕಿ ಬಿಡಿಸಿದ ಮೇಲೂ ಮೊದಲ ಕೆಲವು ದಿನ ಮತ್ತೆ ಕಟ್ಟಿಕೊಳ್ಳುವ ಸಾಧ್ಯತೆ ಹೆಚ್ಚು. ಉಂಡೆ ಎಣಿಸುತ್ತಲೇ ಇರಿ. ಒಣ ಆಹಾರದಲ್ಲಿ ನೀರು ಸುಮಾರು ಶೇ. 10, ಡಬ್ಬಿ ಅಥವಾ ಪೌಚ್‌ನಲ್ಲಿ ಬರುವ ಒದ್ದೆ ಆಹಾರದಲ್ಲಿ ಶೇ. 75ಕ್ಕೂ ಮೇಲೆ. ಒದ್ದೆ ಆಹಾರಕ್ಕೆ ನಿಧಾನವಾಗಿ ಬದಲಾಯಿಸಿ. ಬೆಕ್ಕುಗಳ ಸಂಖ್ಯೆಗಿಂತ ಒಂದು ಟ್ರೇ ಹೆಚ್ಚಿಗೆ ಇಡಿ.