ಚಿತ್ರಕಾರನಿಗೆ ಬೈದ ಆಡಮ್ಸ್
ಜುಲೈ 5, 2025, ಶನಿವಾರ

ನಿನ್ನೆ ಬಾಸ್ಟನ್‌ನಲ್ಲಿ ಪಟಾಕಿ ನೋಡಿ ಮನೆ ಸೇರುವಾಗ ಮಧ್ಯರಾತ್ರಿ ಆಗಿತ್ತು. ನಿಂತೂ ನಿಂತೂ ಅಮ್ಮನಿಗೆ ಮಂಡಿ ನೋವು. ಇವತ್ತು ಎಲ್ಲಿಗೂ ಹೋಗದೆ ‘ಜಾನ್ ಆಡಮ್ಸ್’ ಧಾರಾವಾಹಿಯ ಉಳಿದ ಕಂತುಗಳನ್ನು ನೋಡಿ ಮುಗಿಸಿದೆವು. 2008ರಲ್ಲಿ ಎಚ್‌ಬಿಒದಲ್ಲಿ ಬಂದದ್ದು, ಒಟ್ಟು ಏಳೇ ಕಂತು. "ಏಳಕ್ಕೇ ಮುಗಿಸ್ತಾರಾ? ನಮ್ಮಲ್ಲಾಗಿದ್ರೆ ಮದುವೆ ಮಾತುಕತೆಗೇ ನೂರು ಎಪಿಸೋಡ್ ಆಗ್ತಿತ್ತು" ಅಂದಳು ಅಮ್ಮ.

ಆಡಮ್ಸ್ ಅಮೆರಿಕದ ಎರಡನೇ ಅಧ್ಯಕ್ಷ. ಆ ಪಾತ್ರದ ನಟ ಪಾಲ್ ಜಿಯಾಮಟ್ಟಿ ಅವನನ್ನು ದೇವರ ಪಟದ ಹಾಗೆ ಮಾಡಿಲ್ಲ. ಕುಳ್ಳ, ಸಿಡುಕ, ಯಾರಾದರೂ ಹೊಗಳಲಿ ಅಂತ ಕಾಯುವವನು. ನನಗೆ ಇಷ್ಟವಾಗಿದ್ದೇ ಅದು. ಅಮ್ಮನಿಗೆ ಮಾತ್ರ ಅವನನ್ನು ಕಂಡರೆ ಆಗುವುದಿಲ್ಲ. ಅವಳು ಹೆಂಡತಿ ಅಬಿಗೇಲ್ ಕಡೆ. ಅವನು ಫಿಲಡೆಲ್ಫಿಯಾಕ್ಕೆ ಹೋದ, ಆಮೇಲೆ ಫ್ರಾನ್ಸ್‌ಗೆ ಹೋದ, ಹೊಲ, ಮನೆ, ಮಕ್ಕಳು ಎಲ್ಲ ಇವಳ ತಲೆಗೆ. "ಇವನು ಮನೆಗೆ ಬರೋದು ಯಾವಾಗಲೇ?" ಅಂತ ಕಂತಿಗೊಮ್ಮೆ ಕೇಳುತ್ತಿದ್ದಳು.

ಸಿಡುಬಿನ ದೃಶ್ಯ ಬಂದಾಗ ಅಮ್ಮ ತೋಳಿನ ಮೇಲಿನ ದಾಕಿನ ಕಲೆ ಮುಟ್ಟಿಕೊಂಡಳು. ಧಾರಾವಾಹಿಯಲ್ಲಿ ವೈದ್ಯ ಗಾಡಿಯಲ್ಲಿ ಒಬ್ಬ ರೋಗಿ ಹುಡುಗನನ್ನು ಹಾಕಿಕೊಂಡು ಮನೆ ಬಾಗಿಲಿಗೇ ಬರುತ್ತಾನೆ. ಅವನ ಬೊಕ್ಕೆಯ ಕೀವನ್ನು ಮಕ್ಕಳ ತೋಳು ಗೀರಿ ಸೇರಿಸುತ್ತಾನೆ. ಜೆನ್ನರ್ ಅನ್ನುವ ವೈದ್ಯನ ಸಿಡುಬಿನ ಲಸಿಕೆ ಬರುವುದು 1796ರಲ್ಲಿ, ಇದು 1776. ಅಂದರೆ ನಿಜವಾದ ಸಿಡುಬನ್ನೇ ಬೇಕೂಂತ ಹಚ್ಚಿಸಿಕೊಳ್ಳುವುದು! ಆದರೆ ನಿಜದಲ್ಲಿ ವೈದ್ಯ ಮನೆಗೆ ಬಂದಿರಲಿಲ್ಲ. ಅಬಿಗೇಲಳೇ ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ಬಾಸ್ಟನ್‌ನಲ್ಲಿದ್ದ ಬಂಧುವಿನ ಮನೆಗೆ ಹೋಗಿದ್ದಳು. ತುಂಬ ನರಳಿದ್ದು ಮಗ ಚಾರ್ಲ್ಸ್. ಧಾರಾವಾಹಿಯಲ್ಲಿ ಮಗಳು ನ್ಯಾಬಿ ನರಳುತ್ತಾಳೆ. ಯಾಕೆ ಬದಲಾಯಿಸಿದರೋ! ನ್ಯಾಬಿಗೆ ಮುಂದೆ ಸ್ತನ ಕ್ಯಾನ್ಸರ್ ಬರುತ್ತದೆ, 1811ರಲ್ಲಿ ಅರಿವಳಿಕೆ ಇಲ್ಲದೆ ಆಪರೇಷನ್ ಆಗುತ್ತದೆ. ಅದು ನಿಜ. ಆ ದೃಶ್ಯದಲ್ಲಿ ಅಮ್ಮ ಅಡುಗೆಮನೆಗೆ ಎದ್ದು ಹೋದಳು.

ಕೊನೆಯ ಕಂತಿನಲ್ಲಿ ಜಾನ್ ಟ್ರಂಬುಲ್ ಬಿಡಿಸಿದ ಸ್ವಾತಂತ್ರ್ಯ ಘೋಷಣೆಯ ದೊಡ್ಡ ಚಿತ್ರ ಬರುತ್ತದೆ. ಎರಡು ಡಾಲರ್ ನೋಟಿನ ಹಿಂದೆ ಇರುವುದೂ ಅದೇ. ಮುದುಕ ಆಡಮ್ಸ್ ಅದನ್ನು ನೋಡಿ, ಇದು ಇತಿಹಾಸವೇ ಅಲ್ಲ ಅಂತ ಚಿತ್ರಕಾರನಿಗೆ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾನೆ. ಇದರಲ್ಲಿರುವವರಲ್ಲಿ ಬದುಕಿ ಉಳಿದದ್ದು ನಾನು, ಘೋಷಣೆ ಬರೆದ ಜೆಫರ್ಸನ್ ಇಬ್ಬರೇ ಅಂತಲೂ ಅನ್ನುತ್ತಾನೆ.

ನನಗೆ ನಗು ಬಂತು. ಕಲ್ಪನೆ ಬೆರೆಸಿ ಮುಂದಿನವರಿಗೆ ಮೋಸ ಮಾಡಬೇಡ ಅಂತ ಆಡಮ್ಸ್ ಟ್ರಂಬುಲ್‌ಗೆ 1817ರಲ್ಲಿ ಕಾಗದ ಬರೆದಿದ್ದು ನಿಜ. ಆದರೆ ಚಿತ್ರದ ಮುಂದೆ ನಿಂತು ಹೀಗೆಲ್ಲ ಬೈದಿರಲಿಲ್ಲ. ಅದರಲ್ಲಿದ್ದ ಬಾಗಿಲು ತೋರಿಸಿ, ಸೇನಾಪತಿ ಸ್ಥಾನಕ್ಕೆ ನಾನು ತನ್ನ ಹೆಸರು ಹೇಳಿದಾಗ ವಾಷಿಂಗ್ಟನ್ ಟೋಪಿ ಎತ್ತಿಕೊಂಡು ಓಡಿದ್ದು ಇದೇ ಬಾಗಿಲಿಂದ ಅಂದನಂತೆ. ನನ್ನ ಕೇಳಿದರೆ ಇದೇ ಒಳ್ಳೆಯ ದೃಶ್ಯ. ಸುಮ್ನೆ ಬಿಟ್ಟುಬಿಟ್ಟಿದ್ದಾರೆ. ಉಳಿದವರು ಇಬ್ಬರೇ ಅನ್ನುವುದೂ ಸುಳ್ಳು. ಆಡಮ್ಸ್, ಜೆಫರ್ಸನ್ ಇಬ್ಬರೂ ತೀರಿಕೊಂಡದ್ದು 1826ರ ಜುಲೈ 4ರಂದೇ. ಆದರೆ ಅದೇ ಚಿತ್ರದಲ್ಲಿರುವ ಚಾರ್ಲ್ಸ್ ಕ್ಯಾರಲ್ 1832ರವರೆಗೆ ಬದುಕಿದ್ದ.

ಇಷ್ಟೆಲ್ಲ ಅಮ್ಮನಿಗೆ ಹೇಳಿದೆ. ಕಾಫಿ ಲೋಟ ಕೆಳಗಿಟ್ಟು ಕೇಳಿದಳು: "ಪಾಪ, ನೀನು ಸತ್ತುಹೋಗಿದ್ದೀಯ ಅಂತ ಆ ಕ್ಯಾರಲ್‌ಗೆ ಯಾರೂ ಹೇಳಲಿಲ್ವಾ?"