ವಯಸ್ಸಾದ ಅಮ್ಮನನ್ನು ಲೇಹ್‌ಗೆ ಕರೆದೊಯ್ಯಬಹುದೇ?

ಅಮ್ಮನೊಂದಿಗೆ ಲಡಾಖಿನ ಲೇಹ್‌ಗೆ ಹೋಗಿ ಬಂದ ಮೇಲೆ ಉಡುಪಿಯ ಮದುವೆ ಮನೆಗಳಲ್ಲಿ, ರಥಬೀದಿಯಲ್ಲಿ, ಕಚೇರಿಯ ಊಟದ ಹೊತ್ತಿನಲ್ಲಿ ನನಗೆ ಎದುರಾಗುವ ಪ್ರಶ್ನೆ ಒಂದೇ: ಎಪ್ಪತ್ತು ದಾಟಿದವರನ್ನು ಅಷ್ಟು ಎತ್ತರಕ್ಕೆ ಕರೆದುಕೊಂಡು ಹೋಗಲು ನಿಮಗೆ ಧೈರ್ಯ ಹೇಗೆ ಬಂತು? ಕೇಳುವವರಲ್ಲಿ ಕೆಲವರಿಗೆ ತಮ್ಮ ಅಪ್ಪನನ್ನೋ ಅಮ್ಮನನ್ನೋ ಕರೆದೊಯ್ಯುವ ಆಸೆ, ಉಳಿದವರಿಗೆ ನನ್ನನ್ನು ಸಣ್ಣಗೆ ಗದರುವ ಆಸೆ. ಇಬ್ಬರಿಗೂ ನನ್ನ ಉತ್ತರ ಇಷ್ಟು: ಹೃದಯ, ಶ್ವಾಸಕೋಶಗಳ ಕಾಯಿಲೆ ಇಲ್ಲದಿದ್ದರೆ ಮತ್ತು ವೈದ್ಯರು ಒಪ್ಪಿದರೆ ಖಂಡಿತ ಕರೆದೊಯ್ಯಬಹುದು, ಆದರೆ ಪ್ರವಾಸದ ವೇಗ ಹಿರಿಯರದ್ದಾಗಿರಬೇಕು, ನಮ್ಮದಲ್ಲ.

ಕಡಲ ಬದಿಯವರಾದ ನಮಗೆ ಎತ್ತರವೆಂದರೆ ಆಗುಂಬೆ ಘಾಟಿ, ಹೆಚ್ಚೆಂದರೆ ಕುದುರೆಮುಖ. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯೂ 2,000 ಮೀಟರ್ ಮುಟ್ಟುವುದಿಲ್ಲ. ಲೇಹ್ ಪೇಟೆ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ನಮ್ಮೂರಿನದರ ಮೂರನೇ ಎರಡು ಪಾಲಿನಷ್ಟು ಮಾತ್ರವಾದ್ದರಿಂದ, ಒಂದೊಂದು ಉಸಿರಿಗೂ ದಕ್ಕುವ ಆಮ್ಲಜನಕವೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ದೆಹಲಿಯಿಂದ ವಿಮಾನ ಒಂದೂವರೆ ಗಂಟೆಯೊಳಗೆ ಅಲ್ಲಿಗೆ ತಲುಪಿಸಿಬಿಡುವುದರಿಂದ ಮೈಗೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ಇದರಿಂದ ಬರುವ ತಲೆನೋವು, ವಾಕರಿಕೆ, ನಿದ್ದೆಗೇಡು ವಯಸ್ಸು ನೋಡಿಕೊಂಡು ಬರುವುದಿಲ್ಲ. ದಿನವೂ ವ್ಯಾಯಾಮ ಮಾಡುವ ಗಟ್ಟಿಗ ಹುಡುಗನೂ ಇಳಿದ ಮಧ್ಯಾಹ್ನವೇ ಬಾಡಿಗೆ ಬೈಕ್ ಹಿಡಿದು ಹೊರಟರೆ ಸಂಜೆಗೆ ಹಾಸಿಗೆ ಹಿಡಿಯುವುದುಂಟು. ಈ ವಿಷಯದಲ್ಲಿ, ಎರಡು ಮೆಟ್ಟಿಲು ಹತ್ತಿ ಒಂದು ಕಡೆ ಕೂರುವ ಅಮ್ಮನ ಅಭ್ಯಾಸವೇ ಮೇಲು.

ವೈದ್ಯರ ಬಳಿ ಹೋಗುವಾಗ ಈಗ ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನು ಒಯ್ಯಬೇಕು. ಎತ್ತರದ ತೊಂದರೆಗೆಂದು ಸಾಮಾನ್ಯವಾಗಿ ಬರೆದುಕೊಡುವ ಡಯಾಮಾಕ್ಸ್ ಪದೇ ಪದೇ ಮೂತ್ರ ಬರಿಸುವ ಔಷಧ. ರಕ್ತದೊತ್ತಡಕ್ಕೆ ಆಗಲೇ ಅಂಥದೇ ಮಾತ್ರೆ ನಡೆಯುತ್ತಿದ್ದರೆ ಎರಡನ್ನೂ ಕೂಡಿಸುವ ನಿರ್ಧಾರ ನಮ್ಮದಾಗಬಾರದು. ಬೆರಳ ತುದಿಗಳಲ್ಲಿ ಜುಮ್ಮೆನ್ನುವುದೂ ಅದರ ಗುಣವೇ ಎಂದು ಮೊದಲೇ ಹೇಳಿಟ್ಟರೆ ಹಿರಿಯರು ನಡುರಾತ್ರಿ ಗಾಬರಿಯಾಗುವುದಿಲ್ಲ. ಕೊರೋನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಮನೆಯಲ್ಲಿದ್ದರೆ ಒಯ್ಯಿರಿ, ಆದರೆ ಅದನ್ನೇ ನೋಡುತ್ತ ಕೂರಬೇಡಿ. ಲೇಹ್‌ನಲ್ಲಿ ಮೊದಲ ದಿನಗಳಲ್ಲಿ ಅದು ತೋರಿಸುವ ಆಮ್ಲಜನಕದ ಅಂಕಿ ತೊಂಬತ್ತರ ಆಸುಪಾಸಿಗೆ ಇಳಿಯುವುದು ಸಾಮಾನ್ಯ. ಸುಮ್ಮನೆ ಕುಳಿತಿದ್ದಾಗಲೂ ಏದುಸಿರು, ನಡೆಯುವಾಗ ತೂರಾಟ, ಮಾತಿನಲ್ಲಿ ಗೊಂದಲ ಕಂಡರೆ ಮಾತ್ರ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಶ್ರೀನಗರಕ್ಕೂ ಮನಾಲಿಗೂ ಹೋಗುವ ಹೆದ್ದಾರಿಗಳೆರಡೂ ಲೇಹ್‌ಗಿಂತ ಎತ್ತರದ ಘಾಟಿಗಳನ್ನು ಹತ್ತಿಯೇ ಇಳಿಯುತ್ತವೆ ಎಂಬುದನ್ನು ನೆನಪಿಟ್ಟುಕೊಂಡರೆ ಇಷ್ಟು ಅವಸರ ಏಕೆಂದು ತಿಳಿಯುತ್ತದೆ.

ಮೊದಲ ಎರಡು ದಿನ ಪೇಟೆಯಲ್ಲೇ ಇರಬೇಕು, ಅದರಲ್ಲಿ ಮೊದಲನೆಯ ದಿನ ಕೋಣೆಯಲ್ಲೇ. ಆಮೇಲೂ ನೇರವಾಗಿ ಮೇಲಕ್ಕೆ ಹೋಗಬಾರದು, ಸಿಂಧೂ ನದಿ ಹರಿಯುವ ದಿಕ್ಕಿನಲ್ಲಿ ಕೆಳಕ್ಕೆ ಹೋಗಬೇಕು ಎಂಬುದು ನಾನು ಕೇಳಿದವರಿಗೆಲ್ಲ ಕೊಡುವ ಸಲಹೆ. ನಿಮ್ಮೂ ಬಳಿ ಸಿಂಧೂ ಮತ್ತು ಝಂಸ್ಕಾರ್ ನದಿಗಳು ಎರಡು ಬಣ್ಣದ ನೀರಾಗಿ ಕೂಡುವುದನ್ನು ರಸ್ತೆಯ ಬದಿಯಲ್ಲೇ ನಿಂತು ನೋಡಬಹುದು. ಇನ್ನೂ ಮುಂದಿರುವ ಆಲ್ಚಿ, ಲೇಹ್‌ಗಿಂತ ತಗ್ಗಿನಲ್ಲಿರುವ ಏಪ್ರಿಕಾಟ್ ಮರಗಳ ಹಳ್ಳಿ. ಒಳಗೋಡೆಗಳ ತುಂಬ ಶತಮಾನಗಳ ಹಿಂದಿನ ಚಿತ್ರಗಳಿರುವ ಅಲ್ಲಿನ ಗುಡಿಗಳು ಊರಿನ ಮಟ್ಟದಲ್ಲೇ ಇರುವುದರಿಂದ ಮೊಣಕಾಲು ನೋವಿನವರಿಗೂ ಕಷ್ಟವಾಗದು. 1991ರಲ್ಲಿ ಕಟ್ಟಿ ಮುಗಿಸಿದ ಶಾಂತಿ ಸ್ತೂಪಕ್ಕೆ ಸುಮಾರು ಐನೂರು ಮೆಟ್ಟಿಲುಗಳಿದ್ದರೂ ಕಾರು ಹೋಗುವ ರಸ್ತೆಯೂ ಇದೆ. ಒಂಬತ್ತು ಅಂತಸ್ತಿನ ಲೇಹ್ ಅರಮನೆಯನ್ನು ನಾವು ಪೇಟೆಯಿಂದಲೇ ತಲೆಯೆತ್ತಿ ನೋಡಿದೆವು. ಅಷ್ಟೇ ಸಾಕೆಂದು ಅಮ್ಮನೂ ಹೇಳಿದರು.

ಅಮ್ಮನಿಗೆ ಹಿಡಿಸಿದ್ದು ಅರಮನೆಯೂ ಅಲ್ಲ, ಸ್ತೂಪವೂ ಅಲ್ಲ, ನೀರಿನ ಕಾಲುವೆಗಳು. ನಮ್ಮ ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿದರೆ, ಹಿಮಾಲಯದ ಮಳೆನೆರಳಿನಲ್ಲಿರುವ ಲೇಹ್‌ಗೆ ಬೀಳುವುದು ನೂರು ಮಿಲಿಮೀಟರ್ ಆಸುಪಾಸು. ಬೋಳುಗುಡ್ಡಗಳ ನಡುವೆ ಅಲ್ಲಲ್ಲಿ ಹಸಿರಾಗಿ ಕಾಣುವ ಬಾರ್ಲಿ ಗದ್ದೆಗಳೂ ಪಾಪ್ಲರ್ ಮರಗಳೂ ಕರಗಿ ಬರುವ ಹಿಮದ ನೀರನ್ನು ನಂಬಿ ಬದುಕುತ್ತವೆ. ಯಾರ ಗದ್ದೆಗೆ ಯಾವಾಗ ನೀರು ಎಂದು ನೋಡಿಕೊಳ್ಳುವ ಹೊಣೆ ಹೊತ್ತವರನ್ನು ಅಲ್ಲಿ ಚುರ್ಪೋನ್ ಎನ್ನುತ್ತಾರೆ. ನಾವು ಉಳಿದುಕೊಂಡಿದ್ದ ಮನೆಯ ಹಿಂದೆ ಒಬ್ಬಾಕೆ ಸಲಿಕೆಯಿಂದ ಹುಲ್ಲುಹೆಂಟೆಯನ್ನು ಎತ್ತಿ, ಅದರಡಿಯ ಚಪ್ಪಟೆ ಕಲ್ಲನ್ನು ಸರಿಸಿ, ನೀರು ತನ್ನ ಗದ್ದೆಗೆ ತಿರುಗಿದೊಡನೆ ಅದೇ ಹೆಂಟೆಯಿಂದ ಹಳೆಯ ದಾರಿಯನ್ನು ಮುಚ್ಚಿದರು. ತೋಡಿಗೆ ಕಟ್ಟ ಹಾಕಿ ಸುಗ್ಗಿ ಬೆಳೆಗೆ ನೀರು ಹಾಯಿಸಿದ ಅಮ್ಮ ಅದನ್ನು ಅರ್ಧ ಬೆಳಗು ನಿಂತು ನೋಡಿ, ಇನ್ನೂ ಒಂದು ಕಲ್ಲು ಬೇಕಿತ್ತು ಎಂದು ತಮ್ಮ ಅಭಿಪ್ರಾಯವನ್ನೂ ಕೊಟ್ಟರು. ಮರುದಿನವೂ ಅಲ್ಲಿಗೇ ಹೋಗೋಣವೆಂದರು, ಹೋದೆವು.

ಊಟದ ವಿಷಯಕ್ಕೆ ಬಂದರೆ, ಕುಚ್ಚಲಕ್ಕಿ ಗಂಜಿ ಇಲ್ಲದೆ ಆಗದವರು ಕುಕ್ಕರ್ ಇರುವ ಮನೆಯಲ್ಲೇ ಉಳಿದುಕೊಳ್ಳಬೇಕು. ಅಷ್ಟು ಎತ್ತರದಲ್ಲಿ ನೀರು 88 ಡಿಗ್ರಿಯ ಸುಮಾರಿಗೇ ಕುದಿಯುವುದರಿಂದ, ತೆರೆದ ಪಾತ್ರೆಯಲ್ಲಿ ನಮ್ಮ ಅಕ್ಕಿ ಎಷ್ಟು ಹೊತ್ತು ಕುದಿದರೂ ಗಟ್ಟಿಯಾಗಿಯೇ ಉಳಿಯುತ್ತದೆ. ಒಣಗಾಳಿಗೆ ಮೂಗಿನೊಳಗೂ ತುಟಿಗೂ ತೆಂಗಿನೆಣ್ಣೆ ಸಾಕು. ಆಟಿ ತಿಂಗಳಲ್ಲಿ ವಾರವಾದರೂ ಒಣಗದ ಬಟ್ಟೆಗಳೊಂದಿಗೆ ಗುದ್ದಾಡಿದವರಿಗೆ, ಹಿಂಡಿ ಹರವಿದ ಸೀರೆ ಕಾಫಿ ಮುಗಿಯುವಷ್ಟರಲ್ಲಿ ಗರಿಗರಿಯಾಗುವುದನ್ನು ನೋಡುವುದೇ ಒಂದು ಸಂಭ್ರಮ.

ಲೇಹ್ ಬಳಿಯ ಎತ್ತರದ ಘಾಟಿಯಾದ ಖರ್ದುಂಗ್ ಲಾ ನೋಡಲಿಲ್ಲವೇ ಎಂದು ಬೇಸರಪಡುವವರೂ ಇದ್ದಾರೆ. ಅಲ್ಲಿನ ಹಳೆಯ ಫಲಕದಲ್ಲಿ 18,380 ಅಡಿ ಎಂದು ಬರೆದಿದ್ದರೂ ಅದರ ಅಳೆದ ಎತ್ತರ 5,359 ಮೀಟರ್, ಅಂದರೆ ಸುಮಾರು 17,580 ಅಡಿ. ಎರಡರಲ್ಲಿ ಯಾವುದನ್ನು ಒಪ್ಪಿಕೊಂಡರೂ ಫೋಟೊ ತೆಗೆಸಿಕೊಳ್ಳಲೆಂದು ಹಿರಿಯರನ್ನು ಅಲ್ಲಿಗೆ ಕರೆದೊಯ್ಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. 4,200 ಮೀಟರ್ ಮೀರಿದ ಪಾಂಗೊಂಗ್ ಸರೋವರದ ದಡದಲ್ಲಿ ಅವರನ್ನು ರಾತ್ರಿ ಮಲಗಿಸುವುದಂತೂ ಬೇಡವೇ ಬೇಡ. ಹೊರಡುವ ಮೊದಲು ಇನ್ನೆರಡು ಮಾತು: ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲವಾದ್ದರಿಂದ ಒಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಇರಲಿ, ಹವೆ ಕೆಟ್ಟರೆ ವಿಮಾನಗಳು ರದ್ದಾಗುವುದರಿಂದ ಮರಳುವ ಟಿಕೆಟ್‌ಗೂ ಮನೆಯ ಕಾರ್ಯಕ್ರಮಕ್ಕೂ ನಡುವೆ ಬಿಡುವಿರಲಿ.

ವೈದ್ಯರು ಬೇಡವೆಂದರೆ ವಾದಕ್ಕಿಳಿಯದೆ ರಾಜಸ್ಥಾನದ ಮೌಂಟ್ ಅಬುವಿಗೆ ಹೋಗಿರಿ. ಮರುಭೂಮಿಯ ನಾಡಿನ ಆ ಬೆಟ್ಟದೂರು ಸುಮಾರು 1,200 ಮೀಟರ್ ಎತ್ತರದಲ್ಲಷ್ಟೇ ಇದೆ, ಬುಡದ ಅಬು ರೋಡ್‌ವರೆಗೆ ರೈಲೂ ಇದೆ. ಕಾರ್ಕಳ, ಮೂಡುಬಿದಿರೆಗಳ ಬಸದಿಗಳನ್ನು ಕಂಡು ಬೆಳೆದ ನಮ್ಮ ಹಿರಿಯರಿಗೆ ಅಲ್ಲಿನ ದಿಲ್ವಾರಾ ಜೈನ ಮಂದಿರಗಳಲ್ಲಿ ನೋಡಲು, ಹೋಲಿಸಲು ಬೇಕಾದಷ್ಟಿದೆ. 1031ರ ವಿಮಲ ವಸಹಿಯ ಅಮೃತಶಿಲೆಯ ಚಾವಣಿಯೊಂದಕ್ಕೇ ಒಂದು ಮಧ್ಯಾಹ್ನ ಬೇಕು. ಬೆಳಗಿನ ಹೊತ್ತು ಪೂಜೆಗೆ ಮೀಸಲಾಗಿದ್ದು ಪ್ರವಾಸಿಗರನ್ನು ಬಿಡುವುದು ಹನ್ನೆರಡರ ನಂತರವಾದ್ದರಿಂದ, ಊಟ ಮುಗಿಸಿಕೊಂಡೇ ಹೊರಡುವುದು ಒಳ್ಳೆಯದು.