ಟುಯೆನ್ ಮಾ ಲೈನಲ್ಲಿ ಬ್ರೂಸ್ ಲೀನ ಹುಡುಕ್ಕೊಂಡು

ಹಾಂಗ್‌ಕಾಂಗ್‌ಗೆ ಹೋಗೋರು ಡಿಸ್ನಿಲ್ಯಾಂಡ್, ವಿಕ್ಟೋರಿಯಾ ಪೀಕ್, ಲಾಂಟೌ ದ್ವೀಪದ ದೊಡ್ಡ ಬುದ್ಧ ಅಂತ ಲಿಸ್ಟ್ ಮಾಡ್ಕೊಂಡು ಹೋಗ್ತಾರೆ, ನಾನೂ ನನ್ನ ತಮ್ಮನೂ ಜನವರಿಯಲ್ಲಿ ಹೋಗಿದ್ದು ಒಬ್ಬ ಮನುಷ್ಯನ್ನ ಹುಡುಕ್ಕೊಂಡು. ನಾನು ಚಿಕ್ಕೋಳಿದ್ದಾಗಿಂದ ಕರಾಟೆ ಮಾಡ್ತಿದೀನಿ, ಈಗ ಮಕ್ಕಳಿಗೆ ಹೇಳಿಕೊಡ್ತೀನಿ, ತಮ್ಮ ವಿಡಿಯೋ ಎಡಿಟರ್. ಬ್ರೂಸ್ ಲೀ ಹೆಸರು ಬಂದ್ರೆ ಸಾಕು ನಮ್ಮಿಬ್ಬರಿಗೂ ಜಗಳ. ನಾನು ಅವನು ಫೈಟರ್, ಆಮೇಲೆ ಸಿನಿಮಾಗೆ ಬಂದ ಅಂತೀನಿ, ಇವನು "ಇಲ್ಲ ಕಣಕ್ಕ, ಅವನು ಹುಟ್ಟಿನಿಂದ ಆಕ್ಟರ್" ಅಂತಾನೆ. ಈ ಜಗಳ ಇಟ್ಕೊಂಡೇ ನಾಲ್ಕು ದಿನ ಆ ಊರು ಸುತ್ತಿದ್ವಿ.

ಮೊದಲನೇ ಸಂಜೆ ಸ್ಟಾರ್ ಫೆರಿ ಹತ್ತಿ ಚಿಮ್ ಶಾ ಚೂಯಿಗೆ ಬಂದು ಅವೆನ್ಯೂ ಆಫ್ ಸ್ಟಾರ್ಸ್‌ನಲ್ಲಿರೋ ಪ್ರತಿಮೆ ನೋಡಿದ್ವಿ. ಸುಮಾರು ಎರಡೂವರೆ ಮೀಟರ್ ಎತ್ತರದ ಕಂಚಿನ ಬ್ರೂಸ್ ಲೀ, ಮೈಮೇಲೆ ಅಂಗಿ ಇಲ್ಲ, ಹೊಡೆಯೋಕೆ ಸಿದ್ಧವಾಗಿ ನಿಂತಿದಾನೆ, ಹಿಂದೆ ಸಮುದ್ರ, ಆಚೆ ದಡದ ಕಟ್ಟಡಗಳ ಲೈಟು. 2005ರ ನವೆಂಬರ್ 27ಕ್ಕೆ, ಬದುಕಿದ್ದಿದ್ರೆ ಅವನಿಗೆ 65 ತುಂಬ್ತಿದ್ದ ದಿನ, ಅನಾವರಣ ಮಾಡಿದ್ದು, ದುಡ್ಡು ಕೂಡಿಸಿದ್ದು ಅಭಿಮಾನಿಗಳು. ಅದಕ್ಕೆ ಒಂದು ದಿನ ಮುಂಚೆ ಬೋಸ್ನಿಯಾದ ಮೋಸ್ಟಾರ್ ಅನ್ನೋ ಊರಲ್ಲೂ ಅವನ ಪ್ರತಿಮೆ ನಿಲ್ಲಿಸಿದ್ರು. ಯುದ್ಧದಲ್ಲಿ ಎರಡು ಹೋಳಾದ ಊರು ಅದು, ಅಲ್ಲಿನ ಯಾವ ನಾಯಕನ್ನ ನಿಲ್ಲಿಸಿದ್ರೂ ಇನ್ನೊಂದು ಕಡೆಯೋರಿಗೆ ಆಗ್ತಿರಲಿಲ್ಲ, ಇವನು ಮಾತ್ರ ಎಲ್ಲರಿಗೂ ಬೇಕಾದೋನು. ಇದನ್ನ ತಮ್ಮ ಹೇಳಿದಾಗ ನನಗೆ ಕಣ್ಣು ತುಂಬಿ ಬಂತು. ಪ್ರತಿಮೆ ಸುತ್ತ ಫೋಟೋ ತೆಗೆಸ್ಕೊಳ್ಳೋರು ತುಂಬಾ ಇದ್ರು, ಹೆಚ್ಚು ಹೊತ್ತು ನಿಲ್ಲಲಿಲ್ಲ.

ಮಾರನೇ ದಿನದಿಂದ ನಮ್ಮ ಓಡಾಟ ಹೆಚ್ಚುಕಮ್ಮಿ ಟುಯೆನ್ ಮಾ ಅನ್ನೋ ಒಂದೇ ಮೆಟ್ರೋ ಲೈನ್ ಮೇಲೆ. ಇದು ಗೊತ್ತಿದ್ರೆ ಎಷ್ಟೋ ಟೈಮ್ ಉಳಿಯುತ್ತೆ, ಆಕ್ಟೋಪಸ್ ಅನ್ನೋ ಪ್ರಯಾಣದ ಕಾರ್ಡ್‌ಗೆ ದುಡ್ಡು ಹಾಕಿಸ್ಕೊಂಡು ಈಸ್ಟ್ ಚಿಮ್ ಶಾ ಚೂಯಿಯಲ್ಲಿ ಹತ್ತಿದ್ರೆ ಒಂದು ದಿಕ್ಕಿಗೆ ಮ್ಯೂಸಿಯಂ, ಅದೇ ದಾರಿಯಲ್ಲಿ ಹಳೇ ಸ್ಟುಡಿಯೋ ಇದ್ದ ಏರಿಯಾ, ಎದುರು ದಿಕ್ಕಿಗೆ ಕೊನೇ ಸ್ಟೇಷನ್‌ವರೆಗೂ ಹೋದ್ರೆ ಶೂಟಿಂಗ್ ಆದ ಮಠ.

ಮ್ಯೂಸಿಯಂ ಅಂದ್ರೆ ಶಾ ಟಿನ್‌ನಲ್ಲಿರೋ ಹಾಂಗ್‌ಕಾಂಗ್ ಹೆರಿಟೇಜ್ ಮ್ಯೂಸಿಯಂ, ಚೆ ಕುಂಗ್ ಟೆಂಪಲ್ ಸ್ಟೇಷನ್‌ನಲ್ಲಿ ಇಳಿದ್ರೆ ನಡೆಯೋ ದೂರ. ಮಂಗಳವಾರ ಬಾಗಿಲು ತೆಗೆಯಲ್ಲ, ನೆನಪಿರಲಿ. ಅಲ್ಲಿ 2021ರ ನವೆಂಬರ್‌ನಿಂದ ಬ್ರೂಸ್ ಲೀ ಮೇಲೆ ಪ್ರದರ್ಶನ ಇಟ್ಟಿದಾರೆ. ಇಲ್ಲಿ ತಮ್ಮನಿಗೆ ಮೊದಲನೇ ಗೆಲುವು. ಬ್ರೂಸ್ ಹುಟ್ಟಿದ್ದು 1940ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಅಪ್ಪ ಲೀ ಹೋಯಿ ಚುಯೆನ್ ಕ್ಯಾಂಟನೀಸ್ ಒಪೆರಾ ನಟ, ನಾಟಕ ಆಡೋಕೆ ಅಂತ ಅಮೆರಿಕಕ್ಕೆ ಹೋಗಿದ್ದಾಗ ಹುಟ್ಟಿದ ಮಗು ಇದು. ನಡೆಯೋಕೆ ಬರೋ ಮುಂಚೆನೇ ಒಂದು ಸಿನಿಮಾದಲ್ಲಿ ಕೂಸಾಗಿ ಕಾಣಿಸ್ಕೊಂಡಿದ್ದ. ಹಾಂಗ್‌ಕಾಂಗ್‌ಗೆ ವಾಪಸ್ ಬಂದ ಮೇಲೆ ಬಾಲನಟನಾಗಿ ಒಂದಾದ ಮೇಲೊಂದು ಸಿನಿಮಾ, 18 ವರ್ಷ ಆಗೋಷ್ಟರಲ್ಲಿ ಸುಮಾರು 20 ಆಗಿತ್ತು. ಇಪ್ ಮಾನ್ ಅನ್ನೋ ಗುರು ಹತ್ರ ವಿಂಗ್ ಚುನ್ ಅನ್ನೋ ಕುಂಗ್ ಫು ಶೈಲಿ ಕಲಿಯೋಕೆ ಸೇರಿದಾಗ ಅವನಿಗೆ ಹದಿಮೂರರ ಆಸುಪಾಸು, ಅಷ್ಟೊತ್ತಿಗೆ ಕ್ಯಾಮೆರಾ ಮುಂದೆ ನಿಂತು ವರ್ಷಗಳೇ ಆಗಿದ್ವು.

"ನೋಡಕ್ಕ, ಮೊದಲು ಯಾವುದು?" ಅಂದ ತಮ್ಮ. ನಾನು ಸುಮ್ಮನಾದೆ.

ಆದ್ರೆ ಸೋತೆ ಅಂತ ಅನಿಸಲಿಲ್ಲ, ಯಾಕಂದ್ರೆ ಆ ಮಕ್ಕಳ ಸಿನಿಮಾಗಳಲ್ಲಿ ಅವನು ಬೀದಿ ಹುಡುಗ, ಅನಾಥ ಹುಡುಗ, ಹಠಮಾರಿ ಮಗ, ಕುಂಗ್ ಫು ಮಾಡೋ ಪಾತ್ರಗಳಲ್ಲ. ಕಾದಾಟ ಅವನು ಕಲಿತಿದ್ದು ಬೀದಿಯಲ್ಲಿ ಹೊಡೆದಾಡಿ, ಗುರು ಹತ್ರ ತಿದ್ದಿಸ್ಕೊಂಡು, 1958ರಲ್ಲಿ ಶಾಲೆಗಳ ನಡುವಿನ ಬಾಕ್ಸಿಂಗ್ ಗೆದ್ದು. ಅದೇ ವರ್ಷ ಚಾ ಚಾ ಡ್ಯಾನ್ಸ್ ಸ್ಪರ್ಧೆಯನ್ನೂ ಗೆದ್ದ, ಹೆಜ್ಜೆಗಳನ್ನ ಒಂದೊಂದಾಗಿ ಬರೆದಿಟ್ಕೊಂಡಿದ್ದ, ನೂರಕ್ಕೂ ಮೇಲೆ ಇದ್ವಂತೆ. ಈ ಡ್ಯಾನ್ಸ್ ವಿಷಯ ಎಲ್ಲರೂ ತಮಾಷೆಯ ಸಂಗತಿ ತರ ಹೇಳಿ ಮುಂದೆ ಹೋಗ್ತಾರೆ, ನನಗೆ ಮಾತ್ರ ಇದೇ ಬೀಗದ ಕೈ ಅನಿಸುತ್ತೆ. ಕಾಲು ಎಲ್ಲಿ ಇಡಬೇಕು ಅನ್ನೋದು ಗೊತ್ತಿಲ್ದೆ ಕೈ ಎಷ್ಟು ಜೋರಾಗಿದ್ರೂ ಉಪಯೋಗ ಇಲ್ಲ, ನನ್ನ ಮಕ್ಕಳಿಗೆ ದಿನಾ ಹೇಳೋದೂ ಇದನ್ನೇ.

1959ರಲ್ಲಿ ಮನೆಯೋರು ಅವನನ್ನ ಹಡಗು ಹತ್ತಿಸಿ ಅಮೆರಿಕಕ್ಕೆ ಕಳಿಸಿದ್ರು, ಜೇಬಲ್ಲಿ 100 ಡಾಲರ್. ಸಿಯಾಟಲ್‌ನಲ್ಲಿ ಹೋಟೆಲ್ ಕೆಲಸ, ಯೂನಿವರ್ಸಿಟಿ, ಸಂಜೆ ಕುಂಗ್ ಫು ಪಾಠ, ಚೀನಿಯರಲ್ಲದೋರಿಗೂ ಬಾಗಿಲು ತೆಗೆದಿಟ್ಟ. ಸಿನಿಮಾನ ಪೂರ್ತಿ ಬಿಟ್ಟಿದ್ದ ವರ್ಷಗಳಿವು. 1964ರಲ್ಲಿ ಲಾಂಗ್ ಬೀಚ್‌ನ ಕರಾಟೆ ಟೂರ್ನಮೆಂಟ್‌ನಲ್ಲಿ ಪ್ರದರ್ಶನ ಕೊಟ್ಟ, ಒಂದೇ ಇಂಚು ದೂರದಿಂದ ಗುದ್ದಿ ಎದುರಿಗಿದ್ದೋನನ್ನ ಹಿಂದಿದ್ದ ಕುರ್ಚಿಗೆ ತಳ್ಳೋ ಆ ಗುದ್ದು. ಅದನ್ನ ನೋಡ್ತಿದ್ದೋರಲ್ಲಿ ಹಾಲಿವುಡ್ ನಟರಿಗೆ ಕೂದಲು ಕತ್ತರಿಸ್ತಿದ್ದ ಜೇ ಸೆಬ್ರಿಂಗ್ ಇದ್ದ, ಅವನು ಹೋಗಿ ಒಬ್ಬ ಟೀವಿ ನಿರ್ಮಾಪಕರಿಗೆ ಹೇಳಿದ, ಅಲ್ಲಿಂದ ದ ಗ್ರೀನ್ ಹಾರ್ನೆಟ್ ಸೀರಿಯಲ್‌ನ ಕೇಟೋ ಪಾತ್ರ. 1966ರಿಂದ 67, ಒಟ್ಟು 26 ಕಂತು, ಡ್ರೈವರ್ ಪಾತ್ರ, ಮುಖಕ್ಕೆ ಮುಸುಕು. ಅವನ ಕೈ ಎಷ್ಟು ವೇಗ ಅಂದ್ರೆ ಕ್ಯಾಮೆರಾಗೆ ಸಿಗ್ತಿರಲಿಲ್ಲ, ನಿಧಾನ ಮಾಡು ಅಂತ ಹೇಳ್ತಿದ್ರಂತೆ.

ಇಲ್ಲೇ ನಾವಿಬ್ಬರೂ ಮೊದಲನೇ ಸಲ ಒಂದು ಮಾತಿಗೆ ಬಂದ್ವಿ. ನಿಜವಾದ ಕಾದಾಟದಲ್ಲಿ ನಾವು ಹೊಡೆತನ ಬಚ್ಚಿಡ್ತೀವಿ. ಭುಜ ಅಲ್ಲಾಡಬಾರದು, ಕಣ್ಣು ಹೇಳಬಾರದು, ಎದುರಾಳಿಗೆ ಬಿದ್ದ ಮೇಲೇ ಗೊತ್ತಾಗಬೇಕು. ಸಿನಿಮಾದಲ್ಲಿ ಪೂರ್ತಿ ಉಲ್ಟಾ, ಹೊಡೆತ ಬರೋ ಮುಂಚೆನೇ ಕೊನೇ ಸೀಟಲ್ಲಿ ಕೂತೋನಿಗೂ ಅದು ಬರ್ತಿದೆ ಅಂತ ಗೊತ್ತಾಗಬೇಕು. ವರ್ಷಗಟ್ಟಲೆ ಬಚ್ಚಿಡೋದನ್ನ ಅಭ್ಯಾಸ ಮಾಡಿದ ಮೈಗೆ ತೋರಿಸು ಅಂದ್ರೆ ಅದು ಎಷ್ಟು ಕಷ್ಟ ಅಂತ ನನಗೆ ಗೊತ್ತು, ಡೆಮೊ ಕೊಡುವಾಗೆಲ್ಲ ಒದ್ದಾಡ್ತೀನಿ.

ಮ್ಯೂಸಿಯಂನಿಂದ ಹಿಂದಕ್ಕೆ ಬರ್ತಾ ಡೈಮಂಡ್ ಹಿಲ್‌ನಲ್ಲಿ ಇಳಿದ್ವಿ. ಹ್ಯಾಮರ್ ಹಿಲ್ ರೋಡಲ್ಲಿ ಅವನ ಸಿನಿಮಾಗಳನ್ನ ತೆಗೆದ ಗೋಲ್ಡನ್ ಹಾರ್ವೆಸ್ಟ್ ಕಂಪನಿಯ ಸ್ಟುಡಿಯೋ ಇತ್ತು, ಈಗ ಇಲ್ಲ, ಎಲ್ಲಿ ನೋಡಿದ್ರೂ ಎತ್ತರದ ಅಪಾರ್ಟ್‌ಮೆಂಟು. ಸ್ಟೇಷನ್ ಪಕ್ಕದ ಮಾಲ್‌ಗೆ ಪ್ಲಾಜಾ ಹಾಲಿವುಡ್ ಅಂತ ಹೆಸರು. ಅದನ್ನ ಓದಿ ತುಂಬಾ ಹೊತ್ತು ನಿಂತೆ, ಯಾಕಂದ್ರೆ ಹಾಲಿವುಡ್ ಅವನಿಗೆ ಕೊಡದೇ ಇದ್ದಿದ್ದನ್ನ ಕೊಟ್ಟಿದ್ದು ಈ ಏರಿಯಾ. ಗ್ರೀನ್ ಹಾರ್ನೆಟ್ ನಿಂತ ಮೇಲೆ ಅಲ್ಲಿ ಸಿಕ್ಕಿದ್ದು ಚೂರುಪಾರು ಪಾತ್ರ, ಸ್ಟೀವ್ ಮೆಕ್ವೀನ್, ಜೇಮ್ಸ್ ಕೋಬರ್ನ್ ತರದ ದೊಡ್ಡ ನಟರಿಗೆ ಪಾಠ ಹೇಳೋ ಕೆಲಸ. 1970ರಲ್ಲಿ ಭಾರ ಎತ್ತುವಾಗ ಬೆನ್ನಿಗೆ ಪೆಟ್ಟಾಗಿ ತಿಂಗಳುಗಟ್ಟಲೆ ಹಾಸಿಗೆ, ಇನ್ಮೇಲೆ ಕಿಕ್ ಮಾಡೋಕಾಗಲ್ಲ ಅಂದಿದ್ರಂತೆ ಡಾಕ್ಟರು. ಮಲಗಿದ್ದಲ್ಲೇ ಓದಿದ, ತಾನೇ ಕಟ್ಟಿದ ಜೀತ್ ಕುನ್ ದೋ ಅನ್ನೋ ಕಾದಾಟದ ರೀತಿ ಬಗ್ಗೆ ಪುಟಗಟ್ಟಲೆ ಬರೆದ. ಬಾಕ್ಸಿಂಗ್‌ನಿಂದ ಕಾಲಿನ ಓಟ, ಫೆನ್ಸಿಂಗ್‌ನಿಂದ ಬಲಗೈ ಮುಂದಿಟ್ಟು ನೇರ ಚುಚ್ಚೋ ರೀತಿ. ಇನ್ನೊಬ್ಬರದನ್ನ ತಗೊಂಡೆ ಅಂತ ಹೇಳ್ಕೊಳ್ಳೋಕೆ ಅವನಿಗೆ ಸಂಕೋಚನೇ ಇರಲಿಲ್ಲ, ಅವರವರ ಶೈಲಿಗೆ ಅಂಟಿಕೊಂಡಿರೋ ನಮ್ಮಂಥ ಪಾಠ ಹೇಳೋರು ಕಲಿಬೇಕಾಗಿರೋದು ಇದು ಅಂತ ನನಗೆ ಗಟ್ಟಿಯಾಗಿ ಅನಿಸುತ್ತೆ.

ಆಗ ನಿರ್ಮಾಪಕ ರೇಮಂಡ್ ಚೌ ಶಾ ಬ್ರದರ್ಸ್ ಅನ್ನೋ ಸಿನಿಮಾ ಕಂಪನಿ ಬಿಟ್ಟು ಗೋಲ್ಡನ್ ಹಾರ್ವೆಸ್ಟ್ ಶುರು ಮಾಡಿದ್ರು, ಬ್ರೂಸ್ ಜೊತೆ ಎರಡು ಸಿನಿಮಾಗೆ 15,000 ಅಮೆರಿಕನ್ ಡಾಲರ್ ಅಂತ ಒಪ್ಪಂದ ಆಯ್ತು. 1971ರಲ್ಲಿ ಥಾಯ್ಲೆಂಡಿನ ಪಾಕ್ ಚಾಂಗ್ ಅನ್ನೋ ಸಣ್ಣ ಊರಲ್ಲಿ ದ ಬಿಗ್ ಬಾಸ್ ಶೂಟಿಂಗ್. ಸಿನಿಮಾ ಹಾಂಗ್‌ಕಾಂಗ್‌ನಲ್ಲೇ 30 ಲಕ್ಷ ಹಾಂಗ್‌ಕಾಂಗ್ ಡಾಲರ್ ದಾಟಿ ಅಲ್ಲಿವರೆಗಿನ ದಾಖಲೆ ಮುರೀತು, ಮುಂದಿನ ವರ್ಷದ ಫಿಸ್ಟ್ ಆಫ್ ಫ್ಯೂರಿ ಆ ದಾಖಲೆನೂ ಮುರೀತು, ಅದೇ ವರ್ಷ ತಾನೇ ಬರೆದು ನಿರ್ದೇಶನ ಮಾಡಿದ ದ ವೇ ಆಫ್ ದ ಡ್ರ್ಯಾಗನ್ ಅದನ್ನೂ ದಾಟಿ ಹೋಯ್ತು.

ಮಾಲ್‌ನ ಒಂದು ಬೆಂಚಲ್ಲಿ ಕೂತು ತಮ್ಮ ಆ ಸಿನಿಮಾದ ಕೊಲೋಸಿಯಂ ಫೈಟನ್ನ ಫೋನಲ್ಲಿ ಹಾಕಿದ. ರೋಮ್‌ನಲ್ಲಿ ತೆಗೆದಿದ್ದು ಸ್ವಲ್ಪ, ಹೆಚ್ಚಿನ ಭಾಗ ಹಾಂಗ್‌ಕಾಂಗ್ ಸ್ಟುಡಿಯೋದಲ್ಲಿ ಸೆಟ್ ಹಾಕಿ ತೆಗೆದಿದ್ದು. ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ, ಆದ್ರೆ ಆವತ್ತು ಮೊದಲನೇ ಸಲ ಕಂಡಿದ್ದು ಏನಂದ್ರೆ, ಒಬ್ಬರನ್ನೊಬ್ಬರು ಮುಟ್ಟೋ ಮುಂಚೆ ಎಷ್ಟು ಹೊತ್ತು ಸುಮ್ಮನಿರ್ತಾರೆ ಅನ್ನೋದು. ಇಬ್ಬರೂ ಮೈ ಬಿಸಿ ಮಾಡ್ಕೊಳ್ತಾರೆ, ಬೆರಳು ಲಟಿಕೆ ಮುರೀತಾರೆ, ಒಂದು ಬೆಕ್ಕಿನಮರಿ ನೋಡ್ತಿರುತ್ತೆ. ಆಮೇಲೆ ಬ್ರೂಸ್ ಮೊದಲು ಹೊಡೆತ ತಿಂತಾನೆ, ನೆಲಕ್ಕೆ ಬೀಳ್ತಾನೆ, ಎದ್ದು ಕಾಲು ಬದಲಾಯಿಸ್ತಾನೆ, ಕುಣಿಯೋಕೆ ಶುರು ಮಾಡ್ತಾನೆ, ಅಲ್ಲಿಂದ ಎದುರಾಳಿ ಚಕ್ ನಾರಿಸ್‌ಗೆ ಅವನು ಸಿಗೋದೇ ಇಲ್ಲ. ಅದು ಆ ಚಾ ಚಾ ಕಾಲೇ ಅಂತ ನಾನು, "ಇಲ್ಲಿ ನೋಡಕ್ಕ, ಶಾಟ್ ಕಟ್ಟೇ ಮಾಡಿಲ್ಲ, ಕ್ಯಾಮೆರಾ ದೂರ ಇಟ್ಟು ಪೂರ್ತಿ ಮೈ ತೋರಿಸಿದಾನೆ" ಅಂತ ತಮ್ಮ. ಕೊನೆಗೆ ಸತ್ತ ಎದುರಾಳಿ ಮೇಲೆ ಅವನದೇ ಕರಾಟೆ ಅಂಗಿ ಹೊದಿಸಿ ಬೆಲ್ಟ್ ಇಟ್ಟು ಮಂಡಿಯೂರಿ ಕೂರ್ತಾನಲ್ಲ, ಆ ಮುಖ ಬರೀ ಫೈಟರ್‌ಗೆ ಬರೋ ಮುಖ ಅಲ್ಲ, ಅಷ್ಟು ಒಪ್ಪಿಕೊಂಡೆ.

ಮೂರು ಸ್ಟೇಷನ್ ಆಚೆಗಿರೋ ಕೌಲೂನ್ ಟಾಂಗ್‌ಗೂ ಹೋದ್ವಿ. ಕಂಬರ್ಲ್ಯಾಂಡ್ ರೋಡ್ 41, ಅವನು ಕೊನೆಗೆ ಹೆಂಡ್ತಿ ಮಕ್ಕಳ ಜೊತೆ ಇದ್ದ ಮನೆ ಇದ್ದ ಜಾಗ. ಮ್ಯೂಸಿಯಂ ಮಾಡಬೇಕು ಅಂತ ಮಾತಾಗಿ, ಮುರಿದುಬಿದ್ದು, 2019ರಲ್ಲಿ ಕೆಡವಿಬಿಟ್ರು. ಇಷ್ಟು ದೊಡ್ಡ ಊರು ತನ್ನ ಮಗನಿಗೆ ಒಂದು ಮನೆ ಉಳಿಸ್ಕೊಳ್ಳಲಿಲ್ಲ ಅನ್ನೋದು ನನಗೆ ಈಗಲೂ ನೋವು. 1973ರ ಮೇನಲ್ಲಿ ಎಂಟರ್ ದ ಡ್ರ್ಯಾಗನ್‌ಗೆ ದನಿ ಕೊಡುವಾಗ ಸ್ಟುಡಿಯೋದಲ್ಲೇ ಕುಸಿದುಬಿದ್ದಿದ್ದ, ಜುಲೈ 20ಕ್ಕೆ ಮಿದುಳು ಊದಿಕೊಂಡು ತೀರಿಕೊಂಡ. 32 ವರ್ಷ. ವಾರ್ನರ್ ಬ್ರದರ್ಸ್ ತಾನೇ ಹಾಂಗ್‌ಕಾಂಗ್‌ಗೆ ಬಂದು ಅವನನ್ನ ಹೀರೋ ಮಾಡಿ ತೆಗೆದ ಆ ಸಿನಿಮಾ ಅಮೆರಿಕದಲ್ಲಿ ತೆರೆಕಂಡಿದ್ದು ಆಗಸ್ಟ್‌ನಲ್ಲಿ. ನೋಡೋಕೆ ಅವನಿರಲಿಲ್ಲ. ಸಿಯಾಟಲ್‌ನ ಲೇಕ್ ವ್ಯೂ ಸ್ಮಶಾನದಲ್ಲಿ ಈಗ ಪಕ್ಕದಲ್ಲೇ ಮಗ ಬ್ರ್ಯಾಂಡನ್‌ನೂ ಮಲಗಿದಾನೆ, ಅಲ್ಲಿಗೂ ಒಂದು ದಿನ ಹೋಗಬೇಕು.

ಕೊನೇ ದಿನ ಟುಯೆನ್ ಮುನ್. ಲೈನಿನ ಇನ್ನೊಂದು ತುದಿ, ಅಲ್ಲಿಂದ ಲೈಟ್ ರೈಲ್ ಹಿಡಿದು ಚಿಂಗ್ ಶಾನ್ ಚುಯೆನ್ ಸ್ಟಾಪಲ್ಲಿ ಇಳಿದು ಬೆಟ್ಟ ಹತ್ತಬೇಕು. ಕಾಂಕ್ರೀಟ್ ದಾರಿನೇ, ಆದ್ರೆ ಒಳ್ಳೇ ಏರು, ನೀರು ತಗೊಂಡು ಹೋಗಿ. ಮೇಲೆ ಚಿಂಗ್ ಶಾನ್ ಮಠ, ಎಂಟರ್ ದ ಡ್ರ್ಯಾಗನ್‌ನ ಶುರುವಿನ ದೃಶ್ಯಗಳು ಇಲ್ಲಿನವು. ಅವನು ಒಬ್ಬ ಚಿಕ್ಕ ಹುಡುಗನಿಗೆ ಪಾಠ ಹೇಳ್ತಾನಲ್ಲ, ಹುಡುಗ ಕಿಕ್ ಮಾಡ್ತಾನೆ, ಸರಿಯಿಲ್ಲ ಅಂತ ತಲೆಗೆ ತಟ್ಟಿ ಇನ್ನೊಂದ್ಸಲ ಮಾಡಿಸ್ತಾನಲ್ಲ, ಅದು. ಊದಿನಕಡ್ಡಿ ವಾಸನೆ, ಮರಗಳ ಗಾಳಿ, ನಾವಿಬ್ಬರು ಬಿಟ್ರೆ ನಾಲ್ಕೈದು ಜನ ಅಷ್ಟೇ. ಆ ಒಂದು ನಿಮಿಷದ ದೃಶ್ಯದಲ್ಲಿ ಅವನು ಯಾರಿಗೂ ಹೊಡೆಯಲ್ಲ, ಆದ್ರೂ ಅವನ ಎಲ್ಲಾ ಫೈಟ್‌ಗಿಂತ ನನಗೆ ಅದೇ ಇಷ್ಟ, ಅದರಲ್ಲಿ ಇರೋನು ನಿಜವಾದ ಮೇಷ್ಟ್ರು, ಸಿಯಾಟಲ್‌ನಲ್ಲಿ ದಿನಾ ಸಂಜೆ ಪಾಠ ಹೇಳ್ತಿದ್ದೋನೇ. ನಟನೆ ಎಲ್ಲಿ ಮುಗೀತು, ಪಾಠ ಎಲ್ಲಿ ಶುರುವಾಯ್ತು ಅಂತ ತಮ್ಮನಿಗೂ ಹೇಳೋಕಾಗಲಿಲ್ಲ.

ಇಳಿಯುವಾಗ ಕಮಾನು ದಾಟಿ ಖಾಲಿ ದಾರಿ ಸಿಕ್ತು. "ಅಕ್ಕಾ, ಒಂದು ಪಂಚ್ ಮಾಡು, ಶೂಟ್ ಮಾಡ್ತೀನಿ" ಅಂದ. ಮಾಡಿದೆ. ಫೋನ್ ನೋಡಿ ತಲೆ ಅಲ್ಲಾಡಿಸಿದ, "ಏನೂ ಕಾಣಲಿಲ್ಲ ಕಣಕ್ಕ, ನೀನು ನಿಂತಿದ್ದೆ, ಆಮೇಲೆ ಕೈ ಮುಂದಿತ್ತು, ಮಧ್ಯ ಏನೂ ಇಲ್ಲ". ಮತ್ತೆ ಮಾಡಿದೆ, ನಿಧಾನ. ಈ ಸಲ ಕೈ ಕಾಣಿಸ್ತು, ಆದ್ರೆ ಸತ್ತ ಕೈ. ಆಮೇಲೆ ಉಸಿರು ಬಿಟ್ಟು, ಎದುರಿಗೆ ಯಾರೋ ಇದಾರೆ ಅಂತ ಅಂದ್ಕೊಂಡು, ಅವರ ಮುಖ ನೋಡಿ, ಒಂದು ಕ್ಷಣ ತಡೆದು, ಬಿಟ್ಟೆ. ಒಂಬತ್ತನೇ ಸಲಕ್ಕೆ ತಮ್ಮ ಮಾತಾಡದೆ ಫೋನ್ ನನ್ನ ಕೈಗೆ ಕೊಟ್ಟ.